ಪಂದ್ಯದ ಮೋಟಾರು ಸೈಕಲ್ಲೂ ನಮ್ಮ ಊರಿನ ರಸ್ತೆಯೂ

ಮೋಟಾರು ಸೈಕಲ್ ಪಂದ್ಯದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯ ಕೇಳಿಬರುತ್ತದೆ. ‘ಪೆಟ್ರೋಲು ಸುಟ್ಟು, ಟಯರು ಸವೆಸಿ, ಹೊರಟಲ್ಲಿಗೇ ಬಂದು ನಿಲ್ಲುವ ಈ ಓಟದಿಂದ ಲೋಕಕ್ಕೇನು ಲಾಭ?’ ಎಂದು ಹಿರಿಯರು ಕೇಳುತ್ತಾರೆ. ‘ಪಂದ್ಯದಲ್ಲಿ ಗೆದ್ದ ಯಂತ್ರವೇ ಯಂತ್ರ, ಅದರಂತೆ ಕಾಣುವ, ಅದರಂತೆ ಓಡುವ ಬೈಕೇ ನಮಗೆ ಬೇಕು’ ಎಂದು ಹುಡುಗರು ಹೇಳುತ್ತಾರೆ. ಮೊದಲಿನವರ ಪ್ರಕಾರ ಪಂದ್ಯದಿಂದ ಬರುವಂಥದು ಏನೂ ಇಲ್ಲ. ಎರಡನೆಯವರ ಪ್ರಕಾರ ಅಲ್ಲಿಂದ ಬಂದದ್ದೆಲ್ಲವೂ ಒಳ್ಳೆಯದೇ. ಎರಡೂ ಅರ್ಧ ಸತ್ಯಗಳೆಂದು ನಾವು ತಿಳಿಯುತ್ತೇವೆ. ಪಂದ್ಯದ ಕಣ ಒಂದು ಪ್ರಯೋಗಶಾಲೆ. ಪ್ರಯೋಗಶಾಲೆಯಿಂದ ಮನೆಗೆ ತರಬೇಕಾದುದು ಫಲಿತಾಂಶವನ್ನೇ ಹೊರತು ಪ್ರಯೋಗವನ್ನಲ್ಲ. ಈ ಮಾತನ್ನು ಸ್ವಲ್ಪ ವಿವರವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹೊಸೂರಿನ ಸುತ್ತಮುತ್ತಲಿನ ಕನ್ನಡಿಗರಾದ ನಮಗೆ ಈ ವಿಷಯವನ್ನು ಕುರಿತು ಯೋಚಿಸಲು ವಿಶೇಷ ಕಾರಣವೂ ಇದೆ. 1980ರಲ್ಲಿ ‘ಟಿವಿಎಸ್ 50’ ಎಂಬ, ಇಬ್ಬರು ಕುಳಿತು ಹೋಗಬಹುದಾದ ಪುಟ್ಟ ಮೊಪೆಡ್ಡು ಹೊರಬಂದುದು ಈ ಊರಿನ ಕಾರ್ಖಾನೆಯಿಂದಲೇ. ಹಾಲಿನ ಕ್ಯಾನು, ಹೂವಿನ ಬುಟ್ಟಿ, ಸೊಪ್ಪಿನ ಮೂಟೆಗಳನ್ನು ಹೊತ್ತು ಸಂತೆಗೆ ಹೋಗುತ್ತಿದ್ದ ಆ ಬಡವರ ಬಂಡಿಯ ಊರಿನಿಂದಲೇ 2017ರ ಡಿಸೆಂಬರಿನಲ್ಲಿ ‘ಅಪಾಚೆ ಆರ್‌ಆರ್ 310’ ಎಂಬ ಕ್ರೀಡಾ ಮೋಟಾರು ಸೈಕಲ್ ಹೊರಬಂದಿತು. ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆಯೊಡನೆ 2013ರಲ್ಲಿ ಒಪ್ಪಂದವಾಗಿ, ಆ ಸಂಸ್ಥೆಯ ‘ಜಿ 310 ಆರ್’ ಬೈಕುಗಳೂ ಇಲ್ಲಿಯೇ ತಯಾರಾಗಿ ದೇಶ ವಿದೇಶಗಳಿಗೆ ಹೋದವು. ಹೀಗಿರುವಾಗ, ಪಂದ್ಯದ ವಿದ್ಯೆ ರಸ್ತೆಯ ಬೈಕಿಗೆ ಹೇಗೆ ಇಳಿಯುತ್ತದೆ, ಅದರಲ್ಲಿ ನಮಗೆ ಹಿತವಾದುದು ಯಾವುದು ಎಂಬ ಪ್ರಶ್ನೆ ದೂರದೇಶದ ಸುದ್ದಿಯಾಗಿ ಉಳಿಯದೆ ನಮ್ಮ ಮನೆಯಂಗಳದ ಪ್ರಶ್ನೆಯೇ ಆಗಿದೆ.

ಮೊದಲು ಮೂಲವನ್ನು ನೋಡೋಣ. ಇಂಗ್ಲೆಂಡಿನಲ್ಲಿ 1903ರ ಕಾನೂನು ರಸ್ತೆಯ ವೇಗವನ್ನು ಗಂಟೆಗೆ 20 ಮೈಲಿಗೆ ಮಿತಿಗೊಳಿಸಿತ್ತು. ಪಂದ್ಯಕ್ಕಾಗಿ ರಸ್ತೆಯನ್ನು ಮುಚ್ಚಲು ಅಲ್ಲಿ ಅವಕಾಶವಿರಲಿಲ್ಲ. ಆದುದರಿಂದ ಸ್ಪರ್ಧಾಳುಗಳು ತನ್ನದೇ ಶಾಸನ ಸಭೆಯುಳ್ಳ ಐಲ್ ಆಫ್ ಮ್ಯಾನ್ ಎಂಬ ಪಕ್ಕದ ದ್ವೀಪಕ್ಕೆ ಹೋದರು. 1907ರಲ್ಲಿ ಅಲ್ಲಿ ‘ಟೂರಿಸ್ಟ್ ಟ್ರೋಫಿ’ ಎಂಬ ಪಂದ್ಯ ಮೊದಲಾಯಿತು. ಹೆಸರನ್ನು ಗಮನಿಸಬೇಕು: ಅದು ಪ್ರವಾಸಿಗನ ಬಹುಮಾನ. ದಿನನಿತ್ಯ ಊರಿಂದೂರಿಗೆ ಹೋಗುವವನ ಬೈಕನ್ನು ಪರೀಕ್ಷಿಸುವುದೇ ಅದರ ಗುರಿಯಾಗಿತ್ತು. ಬೈಕಿಗೆ ಸರಿಯಾದ ಆಸನ, ಮಡ್‌ಗಾರ್ಡು, ಸೈಲೆನ್ಸರು ಇರಬೇಕೆಂಬ ನಿಯಮವಿತ್ತು. ಅಷ್ಟೇ ಅಲ್ಲ, ಒಂದು ಸಿಲಿಂಡರಿನ ಬೈಕು ಗ್ಯಾಲನ್ನಿಗೆ 90 ಮೈಲಿ, ಎರಡು ಸಿಲಿಂಡರಿನದು 75 ಮೈಲಿ ಓಡುವಷ್ಟೇ ಪೆಟ್ರೋಲು ಸುಡಬೇಕಿತ್ತು. ನಮ್ಮ ಲೆಕ್ಕದಲ್ಲಿ 90 ಮೈಲಿಯೆಂದರೆ ಲೀಟರಿಗೆ ಸುಮಾರು 32 ಕಿಲೋಮೀಟರು. ‘ಮೈಲೇಜು ಎಷ್ಟು ಕೊಡುತ್ತದೆ?’ ಎಂದು ನಮ್ಮ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆಯನ್ನೇ ಆ ಮೊದಲ ಪಂದ್ಯವೂ ಕೇಳಿತ್ತು! ಒಂದು ಸಿಲಿಂಡರಿನ ವಿಭಾಗದಲ್ಲಿ ಗೆದ್ದ ಚಾರ್ಲಿ ಕಾಲಿಯರ್‌ನ ಸರಾಸರಿ ವೇಗ ಗಂಟೆಗೆ 38 ಮೈಲಿ, ಎಂದರೆ ಸುಮಾರು 61 ಕಿಲೋಮೀಟರು. ಇಂದು ನಮ್ಮೂರಿನ ಸಾಮಾನ್ಯ ಸ್ಕೂಟರೂ ಮುಟ್ಟುವ ವೇಗವದು.

1911ರಲ್ಲಿ ಪಂದ್ಯ ಅದೇ ದ್ವೀಪದ ಬೆಟ್ಟದ ದಾರಿಗೆ ಏರಿತು. ಒಂದು ಸುತ್ತಿಗೆ ಸುಮಾರು 60 ಕಿಲೋಮೀಟರು. ಒಂದೇ ಗೇರಿದ್ದು, ಚರ್ಮದ ಬೆಲ್ಟಿನಿಂದ ಚಕ್ರ ತಿರುಗುವ ಬೈಕುಗಳಿಗೆ ಏರು ಹತ್ತುವುದು ಕಷ್ಟವಾಯಿತು. ಅಮೆರಿಕದ ‘ಇಂಡಿಯನ್’ ಬೈಕುಗಳು ಎರಡು ಗೇರು ಮತ್ತು ಚೈನಿನೊಡನೆ ಬಂದು ದೊಡ್ಡ ಪಂದ್ಯದ ಮೊದಲ ಮೂರು ಸ್ಥಾನಗಳನ್ನೂ ಗೆದ್ದುಕೊಂಡವು. ಗೇರು ಮತ್ತು ಚೈನುಗಳ ಉಪಯೋಗವನ್ನು ಯಾವ ಜಾಹೀರಾತೂ ಇಷ್ಟು ಸ್ಪಷ್ಟವಾಗಿ ಹೇಳಲಾರದು. ಬೆಟ್ಟವೇ ಮೇಷ್ಟರಾಗಿ ಪಾಠ ಹೇಳಿತು. ಇಂದು ತಾಳವಾಡಿಗೆ ಹೋಗುವ ದಿಂಬಂ ಘಾಟಿಯನ್ನು ಏರುವ ಬೈಕು ಆ ಪಾಠದ ಫಲವನ್ನು ಉಣ್ಣುತ್ತಿದೆ.

ಎರಡನೆಯ ಪಾಠ ಫ್ರೇಮಿನದು. ಫ್ರೇಮೆಂದರೆ ಬೈಕಿನ ಎಲುಬಿನ ಗೂಡು. ಎಂಜಿನ್ನಿಗೆ ಎಷ್ಟೇ ಶಕ್ತಿಯಿರಲಿ, ಗೂಡು ಬಳುಕಿದರೆ ತಿರುವಿನಲ್ಲಿ ಸವಾರನ ಮಾತನ್ನು ಬೈಕು ಕೇಳದು. 1950ರಲ್ಲಿ ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ಎಂಬಾತ ನಾರ್ಟನ್ ಕಂಪೆನಿಯ ಪಂದ್ಯದ ಬೈಕಿಗೆ ಕೊಳವೆಗಳಿಂದ ಹೊಸ ಬಗೆಯ ಫ್ರೇಮನ್ನು ರೂಪಿಸಿದನು. ಅದನ್ನು ಓಡಿಸಿದ ಹೆರಾಲ್ಡ್ ಡೇನಿಯೆಲ್ ಎಂಬ ಸವಾರನು ಗರಿಯ ಹಾಸಿಗೆಯ ಮೇಲೆ ಕುಳಿತಂತಿದೆಯೆಂದನಂತೆ. ಅದರಿಂದ ಅದಕ್ಕೆ ‘ಫೆದರ್‌ಬೆಡ್’ ಎಂಬ ಹೆಸರೇ ನಿಂತಿತು. ಕೆಲವೇ ವರ್ಷಗಳಲ್ಲಿ ಅದೇ ಫ್ರೇಮು ಅಂಗಡಿಯಲ್ಲಿ ಮಾರುವ ನಾರ್ಟನ್ ಬೈಕುಗಳಿಗೂ ಬಂತು. ನಮ್ಮ ದೇಶದಲ್ಲಿಯೂ ಇಂಥ ಉದಾಹರಣೆಯಿದೆ. ಇಂಗ್ಲೆಂಡಿನಲ್ಲಿ ಪಂದ್ಯದ ಬೈಕುಗಳಿಗೆ ಫ್ರೇಮು ಕಟ್ಟಿ ಹೆಸರಾದ ಹ್ಯಾರಿಸ್ ಪರ್ಫಾರ್ಮೆನ್ಸ್ ಎಂಬ ಸಂಸ್ಥೆ ಚೆನ್ನೈನ ರಾಯಲ್ ಎನ್‌ಫೀಲ್ಡ್ ಕಂಪೆನಿಯ 2013ರ ‘ಕಾಂಟಿನೆಂಟಲ್ ಜಿಟಿ’ಗೆ ಫ್ರೇಮು ರೂಪಿಸಿತು, 2015ರಲ್ಲಿ ಎನ್‌ಫೀಲ್ಡ್ ಆ ಸಂಸ್ಥೆಯನ್ನೇ ಕೊಂಡುಕೊಂಡಿತು. ವೇಗದ ಹಂಬಲವಿಲ್ಲದ ಸಾವಧಾನದ ಸವಾರನಿಗೂ ಪಂದ್ಯದ ವಿದ್ಯೆ ಹೀಗೆ ತಲುಪುತ್ತದೆ.

ಮೂರನೆಯ ಪಾಠ ಬ್ರೇಕಿನದು. ಹಳೆಯ ಡ್ರಮ್ ಬ್ರೇಕಿನಲ್ಲಿ ಶೂಗಳು ಮುಚ್ಚಿದ ಡಬ್ಬಿಯೊಳಗೆ ಉಜ್ಜುವುದರಿಂದ ಹುಟ್ಟಿದ ಬಿಸಿ ಬೇಗನೆ ಹೊರಹೋಗುವುದಿಲ್ಲ; ಮೇಲಿಂದ ಮೇಲೆ ಹಿಡಿದಾಗ ಹಿಡಿತ ತಗ್ಗುತ್ತದೆ. ಡಿಸ್ಕ್ ಬ್ರೇಕಿನಲ್ಲಿ ತಟ್ಟೆ ಗಾಳಿಗೆ ತೆರೆದೇ ಇರುತ್ತದೆ. ಇದರ ಬಲ ಲೋಕಕ್ಕೆ ತಿಳಿದುದು ಕಾರುಗಳ ಪಂದ್ಯದಲ್ಲಿ: 1953ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ 24 ಗಂಟೆಗಳ ಓಟವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಿತು. ಇತ್ತ ಜಪಾನಿನ ಹೋಂಡಾ ಕಂಪೆನಿ 1959ರಲ್ಲಿ ಮೊದಲ ಸಲ ಐಲ್ ಆಫ್ ಮ್ಯಾನ್ ಪಂದ್ಯಕ್ಕೆ ಬಂದು, 1961ರಲ್ಲಿ ಗೆದ್ದಿತು. ಹತ್ತು ವರ್ಷಗಳ ಆ ಪಂದ್ಯದ ಅನುಭವ 1969ರಲ್ಲಿ ಮಾರಾಟಕ್ಕೆ ಬಂದ ‘ಸಿಬಿ 750’ ಬೈಕಿನಲ್ಲಿ ಒಂದುಗೂಡಿತು. ಅದಕ್ಕೆ ನಾಲ್ಕು ಸಿಲಿಂಡರುಗಳಿದ್ದವು. ಅದರೊಡನೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕೂ ಇತ್ತು. ಓಡುವ ಶಕ್ತಿ ಹೆಚ್ಚಿದಾಗ ನಿಲ್ಲುವ ಶಕ್ತಿಯೂ ಹೆಚ್ಚಬೇಕೆಂಬ ಧರ್ಮವನ್ನು ಆ ಬೈಕು ಪಾಲಿಸಿತು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದು ನಮಗೆ ಬೇಕಾಗುತ್ತದೆ.

ಎಂಬತ್ತರ ದಶಕದಲ್ಲಿ ಪಂದ್ಯಕ್ಕೂ ಅಂಗಡಿಗೂ ಇದ್ದ ಅಂತರ ಬಹಳ ಕಡಿಮೆಯಾಯಿತು. 1985ರಲ್ಲಿ ಸುಜುಕಿ ಕಂಪೆನಿ ಅಲ್ಯೂಮಿನಿಯಂ ಫ್ರೇಮಿನ, ಪಂದ್ಯದ ಬೈಕಿನಂತೆಯೇ ಮೈಮುಚ್ಚಿದ ‘ಜಿಎಸ್‌ಎಕ್ಸ್-ಆರ್ 750’ ಬೈಕನ್ನು ಮಾರಾಟಕ್ಕಿಟ್ಟಿತು. 1988ರಲ್ಲಿ ಸೂಪರ್‌ಬೈಕ್ ವಿಶ್ವ ಚಾಂಪಿಯನ್‌ಷಿಪ್ ಪ್ರಾರಂಭವಾಯಿತು. ಅಂಗಡಿಯಲ್ಲಿ ಮಾರುವ ಬೈಕನ್ನು ಆಧರಿಸಿದ ಯಂತ್ರಗಳು ಮಾತ್ರ ಇಲ್ಲಿ ಓಡಬೇಕು. ಕಂಪೆನಿ ಅಂಥ ಬೈಕುಗಳನ್ನು ಗೊತ್ತಾದ ಸಂಖ್ಯೆಯಲ್ಲಿ ತಯಾರಿಸಿರಬೇಕು ಎಂಬುದು ನಿಯಮ. ಇದರ ಪರಿಣಾಮ ಸ್ವಾರಸ್ಯವಾಗಿದೆ. ರಸ್ತೆಯ ಬೈಕನ್ನು ಪಂದ್ಯಕ್ಕೆ ತಿದ್ದಿಕೊಳ್ಳುವ ಬದಲು, ಪಂದ್ಯ ಗೆಲ್ಲುವುದಕ್ಕೆಂದೇ ಬೈಕನ್ನು ರಚಿಸಿ, ಅದಕ್ಕೆ ದೀಪ, ಹಾರನ್ನು, ನಂಬರ್ ಪ್ಲೇಟುಗಳನ್ನು ಜೋಡಿಸಿ ಮಾರುವ ಕ್ರಮ ಬೆಳೆಯಿತು. ಮೊದಲ ಎರಡು ವರ್ಷ ಪ್ರಶಸ್ತಿ ಗೆದ್ದ ಹೋಂಡಾ ‘ಆರ್‌ಸಿ 30’ ಇಂಥದೇ ಬೈಕು. 1907ರಲ್ಲಿ ಪ್ರವಾಸಿಗನ ಬೈಕು ಪಂದ್ಯಕ್ಕೆ ಹೋಗಿತ್ತು. ಎಂಬತ್ತು ವರ್ಷಗಳ ಬಳಿಕ ಪಂದ್ಯದ ಬೈಕು ಪ್ರವಾಸಿಗನ ಮನೆಗೆ ಬಂತು. ನಮ್ಮ ಇಂದಿನ ಚರ್ಚೆಯ ಗಂಟು ಇಲ್ಲಿಯೇ ಬಿದ್ದಿದೆ.

ಈಚಿನ ಇಪ್ಪತ್ತು ವರ್ಷಗಳಲ್ಲಿ ಲೋಹದ ವಿದ್ಯೆಯ ಜೊತೆಗೆ ಗಣಕಯಂತ್ರದ ವಿದ್ಯೆಯೂ ಸೇರಿಕೊಂಡಿದೆ. ಪಂದ್ಯದಲ್ಲಿ ತಿರುವಿನಿಂದ ಹೊರಬರುವಾಗ ಥ್ರಾಟಲ್ಲನ್ನು ಹೆಚ್ಚು ತಿರುಗಿಸಿದರೆ ಹಿಂದಿನ ಚಕ್ರ ಜಾರಿ ಸವಾರನನ್ನು ಎತ್ತಿ ಒಗೆಯುತ್ತದೆ. ಇದನ್ನು ತಡೆಯಲು ಚಕ್ರಗಳ ವೇಗವನ್ನು ಕ್ಷಣಕ್ಷಣವೂ ಅಳೆದು, ಜಾರುವ ಮೊದಲೇ ಎಂಜಿನ್ನಿನ ಬಲವನ್ನು ತಗ್ಗಿಸುವ ಏರ್ಪಾಡನ್ನು ಪಂದ್ಯದವರು ಬೆಳೆಸಿದರು. 2008ರಲ್ಲಿ ಇಟಲಿಯ ಡುಕಾಟಿ ಕಂಪೆನಿ ತನ್ನ ‘1098 ಆರ್’ ಬೈಕಿನಲ್ಲಿ ಇಂಥ ಏರ್ಪಾಡನ್ನು ಮಾರಾಟಕ್ಕೆ ತಂದಿತು. ಯಮಹಾ ಕಂಪೆನಿ ಮೋಟೋ ಜಿಪಿ ಪಂದ್ಯದ ತನ್ನ ಬೈಕಿನಲ್ಲಿದ್ದ ‘ಕ್ರಾಸ್‌ಪ್ಲೇನ್’ ಕ್ರ್ಯಾಂಕನ್ನು 2009ರ ‘ಆರ್ 1’ ಬೈಕಿಗೆ ಅಳವಡಿಸಿತು. ಕೈಯ ತಿರುವಿಗೂ ಹಿಂದಿನ ಟಯರಿನ ಹಿಡಿತಕ್ಕೂ ಇರುವ ಸಂಬಂಧ ಸವಾರನಿಗೆ ಹೆಚ್ಚು ಸ್ಪಷ್ಟವಾಗಿ ತಿಳಿಯಬೇಕೆಂಬುದು ಅದರ ಉದ್ದೇಶ. 2015ರ ಆರ್ 1 ಬೈಕಿನಲ್ಲಿ ಆರು ಬಗೆಯ ಚಲನೆಗಳನ್ನು ಅಳೆಯುವ ಪುಟ್ಟ ಉಪಕರಣವೊಂದು ಬಂತು. ಬೈಕು ಎಡಬಲಕ್ಕೆ ಎಷ್ಟು ಒರಗಿದೆ, ಮುಂದಕ್ಕೆ ಎಷ್ಟು ಬಾಗಿದೆ, ಎತ್ತ ತಿರುಗುತ್ತಿದೆ ಎಂಬುದನ್ನೆಲ್ಲ ಅದು ಗಣಕಕ್ಕೆ ಹೇಳುತ್ತದೆ. ಇಂಥ ಉಪಕರಣವಿದ್ದರೆ ಬೈಕು ಒರಗಿರುವಾಗ ಬ್ರೇಕು ಹಿಡಿದರೂ ಚಕ್ರ ಕಚ್ಚಿಕೊಳ್ಳದಂತೆ ಮಾಡಬಹುದು.

ಈ ವಿದ್ಯೆ ಸಣ್ಣ ಬೈಕುಗಳಿಗೂ ಇಳಿದಿದೆ. 2008ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಯಮಹಾ ‘ಆರ್ 15’ 150 ಸಿ.ಸಿ.ಯ ಬೈಕಾದರೂ, ನೀರಿನಿಂದ ತಂಪಾಗುವ ಎಂಜಿನ್ನು, ಪಂದ್ಯದ ಬೈಕುಗಳಿಂದ ಬಂದ ‘ಡೆಲ್ಟಾಬಾಕ್ಸ್’ ಫ್ರೇಮುಗಳನ್ನು ಹೊಂದಿತ್ತು. ನಮ್ಮೂರಿನ ಅಪಾಚೆ ಬೈಕುಗಳಿಗೆ 2018ರಲ್ಲಿ ‘ಸ್ಲಿಪ್ಪರ್ ಕ್ಲಚ್ಚು’ ಬಂತು. ಅವಸರದಲ್ಲಿ ಗೇರು ಇಳಿಸಿದರೆ ಎಂಜಿನ್ನು ಹಿಂದಿನ ಚಕ್ರವನ್ನು ಒಮ್ಮೆಲೇ ಹಿಡಿದೆಳೆದು ಚಕ್ರ ಕುಪ್ಪಳಿಸುವುದುಂಟು. ಈ ಕ್ಲಚ್ಚು ತುಸು ಜಾರಿಕೊಟ್ಟು ಆ ಏಟನ್ನು ತಾನು ನುಂಗಿಕೊಳ್ಳುತ್ತದೆ. ಪಂದ್ಯದ ಸವಾರನಿಗಾಗಿ ಹುಟ್ಟಿದ ಈ ಉಪಾಯ, ಎದುರಿಗೆ ದನ ಅಡ್ಡಬಂದಾಗ ಗಾಬರಿಯಿಂದ ಗೇರು ಇಳಿಸುವ ಸಾಮಾನ್ಯನನ್ನೂ ಕಾಪಾಡುತ್ತದೆ. ಆರ್‌ಆರ್ 310 ಬೈಕಿನಲ್ಲಿ ಎಂಜಿನ್ನಿನ ಸಿಲಿಂಡರನ್ನು ಹಿಂದಕ್ಕೆ ಒರಗಿಸಿ ಕೂರಿಸಿದ್ದಾರೆ. ಇದರಿಂದ ಎಂಜಿನ್ನಿನ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಚಕ್ರ ಹಿಡಿದ ತೋಳನ್ನು ಉದ್ದವಾಗಿಸಲು ಸ್ಥಳ ದೊರೆಯುತ್ತದೆ. ಬೈಕು ತಿರುವಿನಲ್ಲಿ ಹೆಚ್ಚು ಸ್ಥಿರವಾಗುತ್ತದೆ.

ಇಷ್ಟು ಹೇಳಿದ ಮೇಲೆ ಹಿರಿಯರ ‘ಏನು ಲಾಭ?’ ಎಂಬ ಪ್ರಶ್ನೆಗೆ ಉತ್ತರ ದೊರಕಿದಂತಾಯಿತು. ಇನ್ನು ಹುಡುಗರ ಮಾತನ್ನು ಪರಿಶೀಲಿಸೋಣ. ಪಂದ್ಯದಿಂದ ಬಂದದ್ದೆಲ್ಲವೂ ರಸ್ತೆಗೆ ಒಳ್ಳೆಯದೆ?

ಈಚೆಗೆ ಬೈಕುಗಳ ಮೂತಿಯ ಎರಡು ಬದಿಗಳಲ್ಲಿ ಕಾಣುವ ಪುಟ್ಟ ರೆಕ್ಕೆಗಳನ್ನು ತೆಗೆದುಕೊಳ್ಳಿ. 2015ರ ಸುಮಾರಿಗೆ ಡುಕಾಟಿಯವರು ಮೋಟೋ ಜಿಪಿಯಲ್ಲಿ ಇವನ್ನು ಬಳಕೆಗೆ ತಂದರು. ವಿಮಾನದ ರೆಕ್ಕೆ ಮೇಲಕ್ಕೆತ್ತಿದರೆ ಇದು ಕೆಳಕ್ಕೊತ್ತುತ್ತದೆ. ಅತಿವೇಗದಲ್ಲಿ ಮುಂದಿನ ಚಕ್ರ ನೆಲ ಬಿಡದಂತೆ ತಡೆಯುತ್ತದೆ. ರಸ್ತೆಗೆಂದು ಮಾರುವ ತಮ್ಮ ‘ಪಾನಿಗಾಲೆ ವಿ 4’ ಬೈಕಿನ ರೆಕ್ಕೆಗಳು ಗಂಟೆಗೆ 270 ಕಿಲೋಮೀಟರು ವೇಗದಲ್ಲಿ 30 ಕಿಲೋ ಭಾರದಷ್ಟು ಕೆಳಕ್ಕೊತ್ತುತ್ತವೆಂದು ತಯಾರಕರೇ ಹೇಳಿದ್ದಾರೆ. ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ವಿಜ್ಞಾನದ ಪಾಠದಲ್ಲಿದೆ. ನಮ್ಮ ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. 270ನ್ನು 60ರಿಂದ ಭಾಗಿಸಿದರೆ ನಾಲ್ಕೂವರೆ. ಅದರ ವರ್ಗ ಇಪ್ಪತ್ತೂಕಾಲು. ಮೂವತ್ತು ಕಿಲೋವನ್ನು ಅದರಿಂದ ಭಾಗಿಸಿದರೆ ಸುಮಾರು ಒಂದೂವರೆ ಕಿಲೋ. ಎಂದರೆ, ಊರೊಳಗೆ 60 ಕಿಲೋಮೀಟರು ವೇಗದಲ್ಲಿ ಹೋಗುವಾಗ ಆ ರೆಕ್ಕೆಗಳಿಂದ ಆಗುವ ಉಪಕಾರ ನಮ್ಮ ಆರನೆಯ ತರಗತಿಯ ಮಗುವಿನ ಪುಸ್ತಕದ ಚೀಲದ ಭಾರದಷ್ಟೂ ಇಲ್ಲ. ಅಷ್ಟಾದರೂ 2024ರಲ್ಲಿ ಆರ್‌ಆರ್ 310 ಬೈಕಿಗೂ ರೆಕ್ಕೆಗಳು ಬಂದವು. ರಸ್ತೆಯ ವೇಗದಲ್ಲಿ ರೆಕ್ಕೆಯೆಂಬುದು ಬಹುಮಟ್ಟಿಗೆ ಅಲಂಕಾರ. ಅಲಂಕಾರ ತಪ್ಪೆಂದು ನಾವು ಹೇಳುವುದಿಲ್ಲ. ಎತ್ತಿನ ಕೊಂಬಿಗೂ ನಾವು ಬಣ್ಣ ಬಳಿಯುತ್ತೇವೆ. ಆದರೆ ಬಣ್ಣ ಬಳಿದುದರಿಂದ ಎತ್ತು ಹೆಚ್ಚು ಉಳುತ್ತದೆಂದು ಯಾವ ರೈತನೂ ನಂಬುವುದಿಲ್ಲ.

ಇನ್ನು ಕೆಲವು ವಸ್ತುಗಳು ರಸ್ತೆಗೆ ಬಂದರೆ ಅಪಾಯವೇ. ಮೋಟೋ ಜಿಪಿ ಬೈಕಿನ ಕಾರ್ಬನ್ ಬ್ರೇಕು ನೂರಾರು ಡಿಗ್ರಿ ಕಾದ ಮೇಲೆಯೇ ಸರಿಯಾಗಿ ಹಿಡಿಯುತ್ತದೆ. ತಣ್ಣಗಿರುವಾಗ ಅದನ್ನು ನಂಬುವಂತಿಲ್ಲ. ಗೀರುಗಳಿಲ್ಲದ ನುಣುಪಾದ ಪಂದ್ಯದ ಟಯರನ್ನು ಓಟಕ್ಕೆ ಮೊದಲು ವಿದ್ಯುತ್ ಕಂಬಳಿ ಹೊದಿಸಿ ಬಿಸಿಮಾಡುತ್ತಾರೆ. ಮಳೆಯ ನೀರನ್ನು ಹೊರದೂಡಲು ಅದಕ್ಕೆ ದಾರಿಯೇ ಇಲ್ಲ. ಬೆಳಗಿನ ಮಂಜಿನಲ್ಲಿ ಹಾಲಿನ ಡೈರಿಗೆ ಹೋಗುವವನಿಗೆ ಇವೆರಡೂ ಶತ್ರುಗಳು. ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಬ್ರೇಕನ್ನು ಮೋಟಾರು ಸೈಕಲ್ಲಿಗೆ 1988ರಲ್ಲಿ ತಂದದ್ದು ಬಿಎಂಡಬ್ಲ್ಯು, ಅದೂ ದೂರ ಪ್ರಯಾಣದ ಬೈಕಿನಲ್ಲಿ. ಮೋಟೋ ಜಿಪಿ ಬೈಕುಗಳಲ್ಲಿ ಅದು ಇಲ್ಲವೇ ಇಲ್ಲ. ನಮ್ಮ ದೇಶದಲ್ಲಿ 2019ರ ಏಪ್ರಿಲಿನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಎಲ್ಲ ಹೊಸ ಬೈಕುಗಳಿಗೂ ಅದನ್ನು ಕಡ್ಡಾಯ ಮಾಡಲಾಯಿತು. ರಸ್ತೆಯ ಸವಾರನಿಗೆ ಅತ್ಯಂತ ಬೇಕಾದ ಬ್ರೇಕು ಪಂದ್ಯದಿಂದ ಬರಲಿಲ್ಲವೆಂಬುದನ್ನು ಹುಡುಗರು ಗಮನಿಸಬೇಕು.

ಪಂದ್ಯದ ಒಂದು ಅಂಗವನ್ನು ಮಾತ್ರ ತಂದು ಇನ್ನೊಂದನ್ನು ಬಿಟ್ಟುಬಂದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಪ್ರಸಂಗ ನಡೆದಿದೆ. ಪಂದ್ಯದ ಕಣದಲ್ಲಿ ಪಳಗಿದ ಎರಡು ಸ್ಟ್ರೋಕಿನ ಎಂಜಿನ್ನುಗಳ ವಂಶಕ್ಕೆ ಸೇರಿದ ಯಮಹಾ ‘ಆರ್‌ಡಿ 350’ 1973ರಲ್ಲಿ ಬಂದಾಗ ಅದಕ್ಕೆ ಮುಂದೆ ಡಿಸ್ಕ್ ಬ್ರೇಕಿತ್ತು. ಹತ್ತು ವರ್ಷಗಳ ಬಳಿಕ, 1983ರಲ್ಲಿ, ಅದು ‘ರಾಜದೂತ್ 350’ ಎಂಬ ಹೆಸರಿನಲ್ಲಿ ಭಾರತದಲ್ಲಿ ತಯಾರಾಯಿತು. ಸುಮಾರು 30 ಅಶ್ವಶಕ್ತಿಯ ಅದರ ಮುಂದೆ ಅಂದಿನ ಬುಲೆಟ್ಟು ಬಹಳ ಹಿಂದೆ ಬೀಳುತ್ತಿತ್ತು. ಆದರೆ ಇಲ್ಲಿ ತಯಾರಾದ ಬೈಕಿಗೆ ಮುಂದೆಯೂ ಡ್ರಮ್ ಬ್ರೇಕನ್ನೇ ಹಾಕಲಾಗಿತ್ತು. ಖರ್ಚು ಉಳಿಸುವುದು ಇದರ ಕಾರಣ. ಪಂದ್ಯದ ಓಟ ಬಂತು, ಪಂದ್ಯದ ನಿಲುಗಡೆ ಬರಲಿಲ್ಲ. ಸಿಬಿ 750 ಪಾಲಿಸಿದ ಧರ್ಮ ಇಲ್ಲಿ ತಪ್ಪಿತು. ಯಾವ ಬೈಕನ್ನು ಕೊಳ್ಳುವಾಗಲೂ ‘ಎಷ್ಟು ಓಡುತ್ತದೆ?’ ಎಂದು ಕೇಳುವ ಮೊದಲು ‘ಹೇಗೆ ನಿಲ್ಲುತ್ತದೆ?’ ಎಂದು ಕೇಳಬೇಕೆಂಬುದೇ ಇದರಿಂದ ಕಲಿಯಬೇಕಾದ ನೀತಿ.

ಪಂದ್ಯ ಲೋಕಕ್ಕೆ ಕೊಟ್ಟ ಕಾಣಿಕೆಗಳಲ್ಲಿ ಅತಿ ದೊಡ್ಡದು ಯಾವುದೆಂದು ನಮ್ಮನ್ನು ಕೇಳಿದರೆ, ಅದು ಬೈಕಿನ ಮೇಲೆ ಜೋಡಿಸುವಂಥದಲ್ಲ, ತಲೆಯ ಮೇಲೆ ಇಡುವಂಥದು ಎನ್ನುತ್ತೇವೆ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬ ಪಂದ್ಯದ ಕಣದಲ್ಲಿ ವೈದ್ಯರಾಗಿದ್ದ ಡಾಕ್ಟರ್ ಎರಿಕ್ ಗಾರ್ಡ್ನರ್ ಅವರು, ಸವಾರರಿಗೆ ಮೇಲಿಂದ ಮೇಲೆ ತಲೆಗೆ ಪೆಟ್ಟಾಗುವುದನ್ನು ಕಂಡು, ಕ್ಯಾನ್ವಾಸ್ ಬಟ್ಟೆ ಮತ್ತು ಅರಗಿನಿಂದ ಗಟ್ಟಿಯಾದ ಟೋಪಿಯೊಂದನ್ನು ಮಾಡಿಸಿದರು. 1914ರ ಟೂರಿಸ್ಟ್ ಟ್ರೋಫಿ ಪಂದ್ಯದಲ್ಲಿ ಅಂಥ ಟೋಪಿ ಕಡ್ಡಾಯವಾಯಿತು. ಆದರೆ ರಸ್ತೆಯ ಸವಾರರು ಅದನ್ನು ಪಂದ್ಯದವರ ವೇಷವೆಂದು ಬಿಟ್ಟರು. 1935ರ ಮೇ ತಿಂಗಳಲ್ಲಿ ಹೆಸರಾಂತ ಲೇಖಕ ಟಿ. ಇ. ಲಾರೆನ್ಸ್ ತನ್ನ ಬೈಕಿನಿಂದ ಬಿದ್ದು, ಆರು ದಿನಗಳ ಬಳಿಕ ತೀರಿಕೊಂಡರು. ತಲೆಗೆ ಯಾವ ರಕ್ಷಣೆಯೂ ಇರಲಿಲ್ಲ. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೆಯರ್ನ್ಸ್ ಎಂಬ ಮೆದುಳಿನ ಶಸ್ತ್ರಚಿಕಿತ್ಸಕರು ಅಂದಿನಿಂದ ಈ ವಿಷಯವನ್ನೇ ಹಿಡಿದು ಅಧ್ಯಯನ ಮಾಡಿದರು. 1941ರಲ್ಲಿ ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಬೈಕು ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿತು. ಅಲ್ಲಿನ ಸಾಮಾನ್ಯ ಜನರಿಗೆ ಆ ನಿಯಮ ಬಂದದ್ದು 1973ರಲ್ಲಿ. ಪಂದ್ಯ 1914ರಲ್ಲಿ ಕಲಿತುದನ್ನು ರಸ್ತೆ ಕಲಿಯಲು 59 ವರ್ಷ ಬೇಕಾಯಿತು!

ನಮ್ಮ ದೇಶದಲ್ಲಿ ಕಾನೂನಿದೆ, ಪಾಠ ಇನ್ನೂ ಮುಗಿದಿಲ್ಲ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಮಡಿದರು. ಅವರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಇವರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಂದೆ ಕುಳಿತವರು. ಗಾಳಿಯ ಒತ್ತಡಕ್ಕೆಂದು ಮೂತಿಗೆ ರೆಕ್ಕೆಯಿರುವ ಬೈಕಿನ ಮೇಲೆ ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ಹೋಗುವ ಯುವಕರನ್ನು ನಾವು ದಿನವೂ ಕಾಣುತ್ತೇವೆ. ಪಂದ್ಯದಿಂದ ಬಂದ ಅಲಂಕಾರವನ್ನು ಹೊತ್ತು, ಪಂದ್ಯದಿಂದ ಬಂದ ರಕ್ಷಣೆಯನ್ನು ಬಿಟ್ಟವನನ್ನು ಪಂದ್ಯದ ಅಭಿಮಾನಿಯೆಂದು ಹೇಗೆ ಕರೆಯೋಣ? ಮೋಟೋ ಜಿಪಿ ಸವಾರರಿಗೆ 2018ರಿಂದ, ಬಿದ್ದ ಕ್ಷಣವೇ ಉಬ್ಬಿಕೊಳ್ಳುವ ಗಾಳಿಚೀಲವುಳ್ಳ ಉಡುಪೂ ಕಡ್ಡಾಯವಾಗಿದೆ. ಹೆಚ್ಚು ವೇಗ ಬಲ್ಲವರೇ ಹೆಚ್ಚು ಹೆದರಿಕೆಯನ್ನೂ ಬಲ್ಲರು.

ಪಂದ್ಯದ ಕಣಕ್ಕೂ ನಮ್ಮ ರಸ್ತೆಗೂ ಇರುವ ವ್ಯತ್ಯಾಸವನ್ನು ಯೋಚಿಸಿರಿ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ತಿರುವಿನ ಹೊರಗೆ, ಬಿದ್ದವನು ಉರುಳಿ ನಿಲ್ಲಲು ಬಯಲಿರುತ್ತದೆ, ಜಲ್ಲಿ ಹಾಸಿರುತ್ತದೆ. ಬಾವುಟ ಹಿಡಿದವರು ಮುಂದಿನ ಅಪಾಯವನ್ನು ತಿಳಿಸುತ್ತಾರೆ. ವೈದ್ಯರೂ ಆಂಬುಲೆನ್ಸೂ ಕಾದಿರುತ್ತವೆ. ಅಷ್ಟಿದ್ದರೂ ಸಾವು ಅಲ್ಲಿಗೆ ಬಾರದೆ ಇಲ್ಲ. 2023ರ ಆಗಸ್ಟಿನಲ್ಲಿ ಚೆನ್ನೈ ಬಳಿಯ ಕಣದಲ್ಲಿ ನಡೆದ ರಾಷ್ಟ್ರೀಯ ಪಂದ್ಯದಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬ ಬಿದ್ದು ಅಸುನೀಗಿದನು. ನಮ್ಮ ಎಂಟನೆಯ ತರಗತಿಯ ಮಕ್ಕಳ ವಯಸ್ಸು ಅವನದು. ಎಲ್ಲ ಕಾವಲಿರುವ ಕಣದಲ್ಲಿಯೇ ಹೀಗಾದರೆ, ತಿರುವಿನಾಚೆ ಕಬ್ಬಿನ ಗಾಡಿಯಿದೆಯೋ, ಶಾಲೆ ಬಿಟ್ಟ ಮಕ್ಕಳಿದ್ದಾರೋ ಎಂದು ತಿಳಿಯದ ನಮ್ಮ ರಸ್ತೆಯಲ್ಲಿ ಏನು ಗತಿ? ವೇಗ 40ರಿಂದ 80ಕ್ಕೆ ಏರಿದರೆ ಬೈಕಿನ ಚಲನಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವೂ ನಾಲ್ಕು ಪಟ್ಟು. ಈ ನಿಯಮವನ್ನು ಯಾವ ಗಣಕವೂ ತಿದ್ದಲಾರದು. ಪಂದ್ಯದವರು ಸಹ ಇದನ್ನು ಅರಿತಿದ್ದಾರೆ. 2023ರಲ್ಲಿ ಗಂಟೆಗೆ 366 ಕಿಲೋಮೀಟರು ಮುಟ್ಟಿದ ಮೋಟೋ ಜಿಪಿಯಲ್ಲಿ, 2027ರ ಋತುವಿನಿಂದ ಎಂಜಿನ್ನನ್ನು 1000 ಸಿ.ಸಿ.ಯಿಂದ 850 ಸಿ.ಸಿ.ಗೆ ಇಳಿಸಿ, ರೆಕ್ಕೆಗಳನ್ನೂ ಚಿಕ್ಕದಾಗಿಸುವ ನಿಯಮವನ್ನು 2024ರಲ್ಲಿ ಪ್ರಕಟಿಸಲಾಯಿತು.

ಇಲ್ಲಿ ನಮ್ಮ ಮಾತಿಗೆ ಒಂದು ಆಕ್ಷೇಪವನ್ನು ಎತ್ತಬಹುದು. ವೇಗದ ಆಸೆಯಿಂದಲೇ ಜನ ಕ್ರೀಡಾ ಬೈಕನ್ನು ಕೊಳ್ಳುತ್ತಾರೆ. ಆ ಹಣದಿಂದಲೇ ಸಂಶೋಧನೆ ನಡೆಯುತ್ತದೆ. ಮೊದಲು ದುಬಾರಿ ಬೈಕಿಗೆ ಬಂದ ಒಳ್ಳೆಯ ಬ್ರೇಕು ಬಳಿಕ ಅಗ್ಗದ ಬೈಕಿಗೂ ಬರುತ್ತದೆ. ಆದುದರಿಂದ ಆಸೆಯನ್ನು ಹಳಿಯಬಾರದು ಎಂದು. ಈ ವಾದದಲ್ಲಿ ತೂಕವಿದೆಯೆಂದು ನಾವು ಒಪ್ಪುತ್ತೇವೆ. ಆಸೆಯನ್ನು ನಾವು ಹಳಿಯುವುದೂ ಇಲ್ಲ. ಟಿವಿಎಸ್ ರೇಸಿಂಗ್ ತಂಡದಲ್ಲಿ ಓಡಿಸಿದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಜಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದಾಗ ನಮಗೂ ಹೆಮ್ಮೆಯಾಯಿತು. ಆದರೆ ಗುಣಗಳು ಇಳಿದು ಬರುವ ಕ್ರಮದಲ್ಲಿ ನಮ್ಮ ತಕರಾರಿದೆ. ಮೊದಲು ರೂಪ ಬರುತ್ತದೆ, ಆಮೇಲೆ ವೇಗ ಬರುತ್ತದೆ, ಕಟ್ಟಕಡೆಗೆ ರಕ್ಷಣೆ ಬರುತ್ತದೆ. ಅದೂ ಕಾನೂನು ಒತ್ತಾಯಿಸಿದ ಮೇಲೆ. ಈ ಕ್ರಮ ತಿರುವುಮುರುವಾಗಬೇಕು.

ಆದುದರಿಂದ ನಮ್ಮ ಕೋರಿಕೆಗಳು ಇವು. ತಯಾರಕರು ಪಂದ್ಯದಿಂದ ಕಲಿತ ಬ್ರೇಕು, ಟಯರು, ಕ್ಲಚ್ಚು, ಜಾರದಂತೆ ತಡೆಯುವ ಗಣಕ ಇವುಗಳನ್ನು ಸಂತೆಗೆ ಹೋಗುವವನ ಅಗ್ಗದ ಬೈಕಿಗೆ ಮೊದಲು ಕೊಡಲಿ. ರೆಕ್ಕೆಗಳು ಆಮೇಲೆ ಬರಲಿ. ಹೊಸ ಬೈಕನ್ನು ಮಾರುವ ಜಾಹೀರಾತಿನಲ್ಲಿ ಅದು 60ರ ವೇಗದಿಂದ ಎಷ್ಟು ಮೀಟರಿನೊಳಗೆ ನಿಲ್ಲುತ್ತದೆಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಲಿ. ತಂದೆತಾಯಿಗಳು ಹತ್ತನೆಯ ತರಗತಿ ಪಾಸಾದ ಮಗನಿಗೆ ಬೈಕಿನ ಬೀಗದ ಕೈಯನ್ನು ಬಹುಮಾನವಾಗಿ ಕೊಡದಿರಲಿ. ಹದಿನೆಂಟು ತುಂಬದವನು ಗೇರಿನ ಬೈಕು ಓಡಿಸುವುದು ಅಪರಾಧ. ಅಪ್ರಾಪ್ತನು ಅಪರಾಧ ಮಾಡಿದರೆ 2019ರ ತಿದ್ದುಪಡಿಯಂತೆ ತಂದೆತಾಯಿಗೂ ವಾಹನದ ಒಡೆಯನಿಗೂ 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ಬೈಕನ್ನು ಪ್ರೀತಿಸುವುದು ತಪ್ಪಲ್ಲ. ಆದರೆ ಅದನ್ನು ಕೊಳ್ಳುವವರು ಲಕ್ಷ ಜನ, ರಚಿಸಬಲ್ಲವರು ಕೆಲವರೇ. ಇಂದು ಗಣಿತದಲ್ಲಿ ಕಲಿಯುವ ವರ್ಗ ಸಂಖ್ಯೆ, ಭೌತಶಾಸ್ತ್ರದಲ್ಲಿ ಕಲಿಯುವ ಘರ್ಷಣೆ ಇವೇ ನಾಳೆ ಬ್ರೇಕಾಗಿ, ಫ್ರೇಮಾಗಿ ನಿಲ್ಲುತ್ತವೆ. ಮೂರು ಭಾಷೆ ಆಡುವ ಈ ಗಡಿನಾಡಿನ ಹಳ್ಳಿಗಳಿಂದ ಹೊರಟು ಕಾರ್ಖಾನೆಯ ಗೇಟು ದಾಟುವವರು ಬೈಕನ್ನು ಜೋಡಿಸುವ ಕೈಗಳಾಗಿ ಮಾತ್ರ ಉಳಿಯದೆ, ಅದನ್ನು ಯೋಚಿಸುವ ತಲೆಗಳೂ ಆಗಲಿ ಎಂದು ನಾವು ಹಾರೈಸುತ್ತೇವೆ. ಆ ತಲೆಗಳು ಉಳಿಯಬೇಕಾದರೆ ಅವುಗಳ ಮೇಲೆ ಹೆಲ್ಮೆಟ್ಟಿರಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ರಸ್ತೆಯಿದ್ದಷ್ಟೇ ವೇಗವಿರಲಿ ಎಂದು ಅದಕ್ಕೆ ಸೇರಿಸೋಣ.